ಅಂಗಳದ ಕಸ ನೋಡಿಕೋ

ನಮ್ಮ ಮನೆಯ ಮುಂದೆ ಒಂದು ಲಾನ್ ಇತ್ತು. ಬೆಟಗೇರಿಯ ಕಡೆ ಹೊಸದಾಗಿ ಎದ್ದ ಲೇಔಟಿನಲ್ಲಿ ಅಂಥದ್ದು ಅದೊಂದೇ. ನನ್ನ ಯಜಮಾನರು ಸರ್ಕಾರಿ ಕಚೇರಿಗೆ ಗುಮಾಸ್ತರಾಗಿ ಸೇರಿ ಮುಂಡರಗಿ, ಶಿರಹಟ್ಟಿ ಅಂತ ವರ್ಗವಾದಲ್ಲೆಲ್ಲ ತಿರುಗಿದವರು. ಎಲ್ಲಿಗೆ ಹೋದರೂ ಅವರ ಕಣ್ಣಿಗೆ ಬೀಳುತ್ತಿದ್ದದ್ದು ಸಾಹೇಬರ ಬಂಗಲೆಯ ಮುಂದಿನ ಹಸಿರು ಹುಲ್ಲು. ಕೈಯಲ್ಲಿ ಫೈಲು ಹಿಡಿದು ಆ ಹುಲ್ಲಿನ ಅಂಚಿಗೆ ನಿಂತು ಕಾದದ್ದೇ ಕಾದದ್ದು. ಅದರ ಮೇಲೆ ಕಾಲಿಡುವ ಹಾಗಿರಲಿಲ್ಲ. ನಿವೃತ್ತರಾಗಿ ಮನೆ ಕಟ್ಟಿಸಿದ ಕೂಡಲೇ ಹುಬ್ಬಳ್ಳಿಯ ಒಂದು ನರ್ಸರಿಯಿಂದ ಹುಲ್ಲನ್ನು ಜಮಖಾನೆಯ ಹಾಗೆ ಸುರುಳಿ ಸುತ್ತಿಸಿ ಟೆಂಪೋದಲ್ಲಿ ತರಿಸಿದರು. ನಮ್ಮ ಎರೆಮಣ್ಣಿನ ಮೇಲೆ ಎಲ್ಲಿಂದಲೋ ತಂದ ಕೆಂಪು ಮಣ್ಣು ಸುರಿಸಿ ಅದನ್ನು ಹಾಸಿಸಿದರು. ಸಂಜೆ ಅದರ ನಡುವೆ ಕುರ್ಚಿ ಹಾಕಿಕೊಂಡು ಕೂತಾಗ ಅವರ ಮುಖ ನೋಡಬೇಕಿತ್ತು. ಆ ಮುಖ ನೋಡಿ ನಾನೂ ಬಹಳ ದಿನ ಸುಮ್ಮನಿದ್ದೆ.

ಆದರೆ ಸುಮ್ಮನಿರುವುದು ನನ್ನ ಜಾಯಮಾನವಲ್ಲ. ಮೂಗಿನ ತುದಿಯಲ್ಲೇ ಸಿಟ್ಟು ಅಂತ ಶಾಲೆಯಲ್ಲಿ ಮಕ್ಕಳೂ ಅನ್ನುತ್ತಿದ್ದರು, ಮನೆಯಲ್ಲಿ ಇವರೂ ಅನ್ನುತ್ತಾರೆ. ನಮ್ಮೂರಲ್ಲಿ ನಳಕ್ಕೆ ನೀರು ಬಿಡುವ ದಿನ ನೆಂಟರು ಬಾಗಿಲಿಗೆ ಬಂದು ನಿಂತರೂ ಮಾತಾಡಿಸುವುದಿಲ್ಲ. ಮೊದಲು ಕೊಡ, ಹಂಡೆ, ಬಕೀಟು ತುಂಬಬೇಕು, ಆಮೇಲೆ ಬರ್ರಿ ಕುಂಡ್ರಿ. ಅಂಥ ಊರಲ್ಲಿ ಈ ಮನುಷ್ಯ ಹುಲ್ಲಿಗೆ ದಿನಕ್ಕೆ ಎರಡು ಹೊತ್ತು ನೀರು ಕುಡಿಸುತ್ತಿದ್ದರು. ಒಂದು ಬೇಸಿಗೆಯ ಬೆಳಿಗ್ಗೆ ಅಡುಗೆಮನೆಯ ನಳ ತಿರುವಿದೆ, ಬರೀ ಗಾಳಿ ಬಂತು. ಬೋರಿನ ನೀರು ತಳ ಕಂಡಿತ್ತು. ಹೊರಗೆ ಬಂದು ನೋಡಿದರೆ ಇವರು ಪೈಪು ಹಿಡಿದು ಉಳಿದ ನೀರನ್ನೂ ಹುಲ್ಲಿಗೆ ಬಿಡುತ್ತಾ ಹಾಡು ಗುನುಗುತ್ತಿದ್ದಾರೆ. ನನ್ನ ಮೈಯೆಲ್ಲ ಉರಿದು ಹೋಯಿತು. ಪೈಪು ಕಸಿದುಕೊಂಡು ಒಗೆದೆ. ಈ ಹುಲ್ಲು ಈ ಮನೆಯಲ್ಲಿ ಇನ್ನೊಂದು ಬೇಸಿಗೆ ಕಾಣುವುದಿಲ್ಲ, ನಾನೇ ಕಿತ್ತು ಹಾಕುತ್ತೇನೆ ಅಂದೆ. ಇವರು ತಮಾಷೆ ಅಂದುಕೊಂಡರು.

ಕಿತ್ತು ಅಲ್ಲಿ ಏನು ಮಾಡುತ್ತೀ, ಫರಸಿ ಕಲ್ಲು ಹಾಕಿಸುತ್ತೀಯಾ ಅಂತ ಕೇಳಿದರು. ಇಲ್ಲ, ಹುಲ್ಲೇ ಇರುತ್ತದೆ, ಆದರೆ ನಮ್ಮ ನೆಲದ ಹುಲ್ಲು ಅಂದೆ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವಾಗ ಮಕ್ಕಳನ್ನು ಕಪ್ಪತಗುಡ್ಡಕ್ಕೆ ಕರೆದುಕೊಂಡು ಹೋಗುತ್ತಿದ್ದೆ. ಅಲ್ಲಿ ಕರಡದ ಹುಲ್ಲು ಸೊಂಟದೆತ್ತರ ನಿಂತಿರುತ್ತದೆ. ಯಾರು ನೀರು ಹಾಕುತ್ತಾರೆ ಅದಕ್ಕೆ? ಮಳೆ ಬಂದರೆ ಹಸಿರು, ಹೋದರೆ ಒಣಗಿ ಬಂಗಾರದ ಬಣ್ಣ, ಮತ್ತೆ ಮಳೆಗೆ ಚಿಗುರು. ಅದರ ನಡುವೆ ತುಂಬೆ, ಅಣ್ಣಿ, ಹೆಸರಿಲ್ಲದ ನೀಲಿ ಹೂ, ಅವುಗಳ ಮೇಲೆ ಪಾತರಗಿತ್ತಿಗಳು. ಅಂಥದ್ದೊಂದು ತುಂಡು ನನ್ನ ಅಂಗಳದಲ್ಲಿ ಯಾಕಿರಬಾರದು? ಇವರು ನಕ್ಕರು. ಕಚೇರಿಯಲ್ಲಿ ಬೆಳೆದ ಮನುಷ್ಯ, ಎಲ್ಲದಕ್ಕೂ ಒಂದು ಷರತ್ತು ಬೇಕು.

“ದೀಪಾವಳಿ ತನಕ ನೋಡ್ತೀನಿ. ನಾಕು ಮಂದಿ ಬಂದು ನಿಂತು ನೋಡೂವಂಗ ಇರಬೇಕು. ಇರಲಿಲ್ಲ ಅಂದ್ರ ಮತ್ತ ಟೆಂಪೋ ತರಸ್ತೀನಿ. ಆವಾಗ ನೀ ಪಿಟ್ಟ ಅನ್ನಾಂಗಿಲ್ಲ.”

ಆತು ಅಂದೆ. ಮಾತು ಅಂದರೆ ಮಾತು.

ಜೂನಿನ ಮಿರಗದ ಮಳೆಗೆ ಮುಂಚೆ ಲಾನನ್ನು ಕಿತ್ತೆ. ಸುಲಭವಿರಲಿಲ್ಲ, ಅಂಗೈಯಲ್ಲಿ ಗುಳ್ಳೆ ಎದ್ದವು, ಸೊಂಟ ಹಿಡಿದುಕೊಂಡಿತು. ಕೆಂಪು ಮಣ್ಣನ್ನು ಬುಟ್ಟಿ ಬುಟ್ಟಿ ಹೊತ್ತು ಹಿಂದಕ್ಕೆ ಹಾಕಿದೆ. ಕೆಳಗೆ ನಮ್ಮ ಎರೆ ಕಂಡಾಗ, ಸುಳ್ಳೇಕೆ ಹೇಳಲಿ, ಕುಣಿಯುವಷ್ಟು ಖುಷಿಯಾಯಿತು. ಎದುರು ಮನೆಯಾಕೆ ಗೇಟಿನಲ್ಲಿ ನಿಂತು, ಟೀಚರ್‍ರ, ಯಾಕ್ರಿ ಇಷ್ಟ ಚಂದಿದ್ದದ್ದು ಹಾಳ ಮಾಡಾಕತ್ತೀರಿ ಅಂತ ಕನಿಕರಪಟ್ಟಳು. ನಾನು ಕಿವಿ ಮೇಲೆ ಹಾಕಿಕೊಳ್ಳಲಿಲ್ಲ.

ಬೀಜ, ಬೇರು, ಗಡ್ಡೆ ಎಲ್ಲ ತಂದದ್ದು ಯಳವತ್ತಿಯಿಂದ, ನನ್ನ ಅಕ್ಕನ ಹೊಲದ ಬದುವಿನಿಂದ. ನಾವಿಬ್ಬರೂ ಶಿಗ್ಲಿಯ ಒಕ್ಕಲು ಮನೆಯ ಮಕ್ಕಳು. ಅವಳನ್ನು ಯಳವತ್ತಿಗೆ ಕೊಟ್ಟರು, ನನ್ನನ್ನು ಶಾಲೆಗೆ ಕಳಿಸಿದರು. ಅಕ್ಕನ ಯಜಮಾನರು ತೀರಿಕೊಂಡು ಎರಡು ವರ್ಷವಾಗಿತ್ತು. ಮಗ ಲಕ್ಷ್ಮೇಶ್ವರದಲ್ಲಿ ಅಂಗಡಿ ಇಟ್ಟವನು, ಒಕ್ಕಲುತನ ಅವನ ಕೈಲಾಗುವುದಲ್ಲ. ಹೀಗಾಗಿ ಆ ವರ್ಷ ಹೊಲವನ್ನು ಊರಿನವನೊಬ್ಬನಿಗೆ ಲಾವಣಿಗೆ, ಅಂದರೆ ಗೇಣಿಗೆ, ಕೊಟ್ಟಿದ್ದರು. ನಾನು ಹೋದ ದಿನ ಅಕ್ಕ ಮನೆಯಲ್ಲಿ ಇರಲಿಲ್ಲ. ನಾನೇ ಹೊಲಕ್ಕೆ ಹೋಗಿ ಬದುವಿನ ಮೇಲೆ ಸಿಕ್ಕಿದ್ದನ್ನೆಲ್ಲ ಮಣ್ಣಿನ ಸಮೇತ ಎಬ್ಬಿಸಿ ಚೀಲಕ್ಕೆ ತುಂಬಿಕೊಂಡು ಬಸ್ಸು ಹತ್ತಿದೆ. ಕಂಡಕ್ಟರು ಇದೇನ್ರಿ ಅಂತ ಚೀಲ ಮುಟ್ಟಿ ನೋಡಿದ. ಕಸ ಅಂದೆ.

ಈ ಮಾತನ್ನು ಇಲ್ಲೇ ಹೇಳಿಬಿಡಬೇಕು. ನಾನು ಮಾಡುತ್ತಿದ್ದದ್ದಕ್ಕೆ ನಮ್ಮ ಕಡೆ ಹೆಸರೇ ಇಲ್ಲ. ಹುಲ್ಲುಗಾವಲು ಅನ್ನುವುದು ಪುಸ್ತಕದ ಮಾತು. ಬಾಯಲ್ಲಿ ಯಾರೂ ಆಡುವುದಿಲ್ಲ. ಇವರು ಚೇಷ್ಟೆಗೆ ಗಾಯರಾಣ ಅನ್ನುತ್ತಿದ್ದರು, ಅಂದರೆ ಊರ ದನ ಮೇಯುವ ಬಯಲು. ಬಂದವರಿಗೆಲ್ಲ, ನಮ್ಮಾಕಿ ಗಾಯರಾಣ ಮಾಡ್ಯಾಳ, ನಿಮ್ಮ ಎಮ್ಮಿ ಹೊಡಕೊಂಡ ಬರ್ರಿ ಅಂತ ಹೇಳಿ ನಗುವರು. ನಾನು ಮಾತ್ರ ಮೊದಮೊದಲು ಸಿಟ್ಟಿಗೆ, ಆಮೇಲೆ ಅಕ್ಕರೆಗೆ, ನನ್ನ ಕಸ ಅನ್ನತೊಡಗಿದೆ. ನನ್ನ ಕಸಕ್ಕೆ ಮಳೆ ಬಂತು, ನನ್ನ ಕಸ ಹೂ ಬಿಟ್ಟಿತು. ಬೆಳೆ ಅಲ್ಲದ್ದೆಲ್ಲ ನಮ್ಮವರಿಗೆ ಕಸ. ಮನೆಯಲ್ಲಿ ಗುಡಿಸಿ ಹಾಕುವುದೂ ಕಸ, ಹೊಲದಲ್ಲಿ ಕಿತ್ತು ಹಾಕುವುದೂ ಕಸ. ಬೇರೆ ಪದ ಹುಡುಕುವ ಗೋಜಿಗೆ ನಾನು ಹೋಗಲಿಲ್ಲ.

ಚೌತಿಯ ಹೊತ್ತಿಗೆ ಅಂಗಳ ನೋಡುವಂತಾಗಿತ್ತು. ಕರಡ ಮೊಣಕಾಲು ದಾಟಿತ್ತು. ಅಣ್ಣಿ ಹೂಗಳು ತುದಿಗೆ ಗುಲಾಬಿ, ಬುಡಕ್ಕೆ ಬಿಳಿ ಬಣ್ಣ ತುಂಬಿಕೊಂಡು ಗಾಳಿಗೆ ಓಲಾಡುತ್ತಿದ್ದವು. ರೊಟ್ಟಿಯ ಜೊತೆ ಹಸಿಯಾಗಿ ತಿನ್ನುವ ಹಕ್ಕರಿಕಿ ತಾನಾಗಿಯೇ ಎದ್ದಿತ್ತು. ಊಟಕ್ಕೆ ಕೂರುವ ಮುಂಚೆ ಒಂದು ಹಿಡಿ ಕಿತ್ತು ತರುತ್ತಿದ್ದೆ. ಗುಬ್ಬಿಗಳು ಬಂದವು. ಬೆಳಿಗ್ಗೆ ಜೇನುಹುಳದ ಸಪ್ಪಳ ಅಡುಗೆಮನೆಗೂ ಕೇಳುತ್ತಿತ್ತು. ಬೋರಿನ ನೀರು ಒಂದು ಹನಿಯೂ ಅದಕ್ಕೆ ಹೋಗಿರಲಿಲ್ಲ. ಇವರೂ ಕುರ್ಚಿಯನ್ನು ಕಟ್ಟೆಯ ಮೇಲೆ ಹಾಕಿಕೊಂಡು ಕೂತು ಕದ್ದು ಕದ್ದು ನೋಡುತ್ತಿದ್ದದ್ದನ್ನು ನಾನು ಕಂಡಿದ್ದೆ. ಗೆದ್ದೆ ಅಂದುಕೊಂಡೆ.

ಆಗ ಇವರ ಕಣ್ಣಿನ ಪೊರೆ ತೆಗೆಸಲು ಹುಬ್ಬಳ್ಳಿಗೆ ಹೋಗಬೇಕಾಯಿತು. ಮೂರ್ನಾಲ್ಕು ದಿನ ಮನೆಗೆ ಯಾರು? ಅಕ್ಕನಿಗೆ ಫೋನು ಮಾಡಿ ಕರೆಸಿದೆ. ಅವಳು ಬಂದದ್ದು ನಾವು ಹೊರಟ ಮೇಲೆ. ಬೀಗದ ಕೈ ಎದುರು ಮನೆಯಲ್ಲಿ ಕೊಟ್ಟಿದ್ದೆವು. ಹಾಲಿನವನಿಗೆ ಹೇಳು, ನಳಕ್ಕೆ ನೀರು ಬಂದರೆ ಹಿಡಿದಿಡು ಅಂತೆಲ್ಲ ಹೇಳಿ, ಫೋನು ಇಡುವ ಮುಂಚೆ ಕಡೆಯದಾಗಿ ಅಂದೆ: “ಅಕ್ಕಾ, ಅಂಗಳದಾಗಿನ ಕಸಾ ಒಂಚೂರು ನೋಡಿಕೋ.”

ಆತು ಬಿಡು ಅಂದಳು.

ಹುಬ್ಬಳ್ಳಿಯಿಂದ ತಿರುಗಿ ಬಂದು ರಿಕ್ಷಾ ಇಳಿದಾಗ ಮನೆ ತಪ್ಪಿತೇನೋ ಅಂದುಕೊಂಡೆ. ಗೇಟಿನಿಂದ ಕಟ್ಟೆಯವರೆಗೆ ಬರೀ ಕರಿ ನೆಲ. ಒಂದು ಕಡ್ಡಿ ಇಲ್ಲ. ಕುರ್ಪಿಯಿಂದ ಬುಡಸಹಿತ ಎಬ್ಬಿಸಿ, ಹೆಂಟೆ ಒಡೆದು, ಗುಡಿಸಿ, ನೀರು ಚಿಮುಕಿಸಿ, ನಡುವೆ ದೊಡ್ಡದೊಂದು ರಂಗೋಲಿ ಬೇರೆ ಹಾಕಿದ್ದಳು. ಅಕ್ಕ ಕಟ್ಟೆಯ ಮೇಲೆ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದಳು. ಮುಖ ಅರಳಿತ್ತು. ಯಳವತ್ತಿಯಲ್ಲಿ ಅವಳ ಹೊಲದಲ್ಲಿ ಕಸ ಇತ್ತು ಅಂತ ಒಬ್ಬರೂ ಬೆರಳು ತೋರಿಸಿದ್ದಿಲ್ಲ. ಅದೇ ಹೆಮ್ಮೆ ಈಗ ನನ್ನ ಅಂಗಳದಲ್ಲಿ ನಿಂತಿತ್ತು. ಇವರು ಕರಿ ಕನ್ನಡಕ ಎತ್ತಿ, ಕಟ್ಟಿಲ್ಲದ ಕಣ್ಣಿನಿಂದ ಆಚೆ ಈಚೆ ನೋಡಿ, ಭಾಳ ಹಸನಾಗೈತಿ ಅಂದರು.

ನಾನು ಕಿರುಚಿದೆ. ರಸ್ತೆಯ ಮಂದಿ ತಿರುಗಿ ನೋಡಿದರು, ನೋಡಲಿ ಅಂದುಕೊಂಡೆ. ಯಾರು ಹೇಳಿದ್ದರು ನಿನಗೆ ಇದನ್ನು ಕೀಳು ಅಂತ, ಮೂರು ತಿಂಗಳಿಂದ ಬೆಳೆಸಿದ್ದು, ನಿನಗೆ ಕೈ ಸುಮ್ಮನಿರುವುದಿಲ್ಲವೇ ಅಂತ ಬಾಯಿಗೆ ಬಂದದ್ದೆಲ್ಲ ಅಂದೆ. ಅಕ್ಕನ ಮುಖ ಇಳಿದು ಹೋಯಿತು. ಆದರೆ ಅವಳೂ ನನ್ನ ಅಕ್ಕನೇ.

“ನೀನ ಅಂದೀಯಲ್ಲ, ಕಸಾ ನೋಡಿಕೋ ಅಂತ?”

“ನೋಡಿಕೋ ಅಂದ್ರ ಕಿತ್ತ ಒಗಿ ಅಂತೇನು? ಕಾಯಿ ಅಂತ.”

“ಕಸಾ ಕಾಯ್ತಾರೇನಲೇ ಯಾರರ? ಕಸಾ ನೋಡೂದು ಅಂದ್ರ ತಗಿಯೂದು. ನಮ್ಮವ್ವನೂ ಹಂಗ ಅಂತಿದ್ಲು, ನಮ್ಮತ್ತಿನೂ ಹಂಗ ಅಂತಿದ್ಲು. ನೀ ಯಾವ ಊರಾಗ ಹುಟ್ಟೀದಿ?”

ಅವಳು ಹೇಳಿದ್ದು ಖರೆಯೇ. ಶಿಗ್ಲಿಯಲ್ಲಿ ಹುಟ್ಟಿದ ಯಾವ ಹೆಣ್ಣುಮಗಳಿಗೆ ಆ ಮಾತು ಹೇಳಿದ್ದರೂ ಕುರ್ಪಿ ತೆಗೆದುಕೊಂಡೇ ಕೂರುತ್ತಿದ್ದಳು. ಸಿಟ್ಟು ಅದರಿಂದ ಇಳಿಯಲಿಲ್ಲ, ಇನ್ನೂ ಏರಿತು. ಹಿತ್ತಿಲಿಗೆ ಹೋದರೆ ಬಚ್ಚಲ ಗೋಡೆಗೆ ಒತ್ತಿ ಎಲ್ಲವನ್ನೂ ಬಣವೆ ಹಾಕಿದ್ದಳು, ಒಣಗಿದ ಮೇಲೆ ಬೆಂಕಿ ಹಚ್ಚಲು. ಅದಕ್ಕೊಮ್ಮೆ ಕಾಲಿನಿಂದ ಒದ್ದು ಒಳಗೆ ಬಂದು ಮಂಚದ ಮೇಲೆ ಕೂತೆ.

ಹೊರಗೆ ಇವರು ಅಕ್ಕನಿಗೆ ಷರತ್ತಿನ ಕಥೆ ಹೇಳುತ್ತಿದ್ದದ್ದು ಕೇಳಿಸುತ್ತಿತ್ತು. ದೀಪಾವಳಿ ಆದ ಮಾರನೆಯ ದಿನಕ್ಕೆ ಟೆಂಪೋ ಕಳಿಸಿ ಅಂತ ನರ್ಸರಿಯವನಿಗೆ ಆಗಲೇ ಫೋನು ಹಚ್ಚಿದ್ದರು. ಕೆಡುಕು ಮನಸ್ಸಿನವರಲ್ಲ, ಅವರ ಆಸೆಗೆ ದೇವರೇ ಒದಗಿ ಬಂದ ಅಂತ ಅವರ ನಂಬಿಕೆ. ಸ್ವಲ್ಪ ಹೊತ್ತಿಗೆ ಅಕ್ಕ ಬಾಗಿಲಲ್ಲಿ ಬಂದು ನಿಂತಳು. ಎಲ್ಲಿಂದ ತಂದಿದ್ದೆ ಅದನ್ನೆಲ್ಲ ಅಂತ ಕೇಳಿದಳು. ನಿನ್ನ ಬದುವಿನಿಂದಲೇ, ಮತ್ತೆ ಹೋಗಿ ತರುತ್ತೇನೆ, ಬಿಡುವವಳಲ್ಲ ಅಂದೆ.

ಅವಳು ಹೊಸ್ತಿಲ ಮೇಲೆ ಕೂತುಬಿಟ್ಟಳು. “ಬದುವಿನ ಮ್ಯಾಲೆ ಏನೂ ಇಲ್ಲವ್ವಾ ತಂಗಿ. ಲಾವಣಿ ಹಿಡದಾಂವ ಔಷಧ ಹೊಡದ. ಹೊಲಕ್ಕೂ ಹೊಡದ, ಬದುವಿಗೂ ಹೊಡದ. ಎಲ್ಲಾ ಸುಟ್ಟ ಕರಕಾಗೈತಿ. ಕಸ ತಗಿಯಾಕ ಈ ವರ್ಷ ಒಬ್ಬಾಕಿನೂ ಹೊಲಕ್ಕ ಹೋಗಿಲ್ಲ, ನಾನೂ ಹೋಗಿಲ್ಲ. ಇಲ್ಲಿ ಬಂದು ಅಂಗಳ ನೋಡಿದ್ನಿ, ಕೈ ತಡೀಲಿಲ್ಲ.”

ಅವಳ ಕಡೆ ನೋಡಲಾಗದೆ ತಲೆ ತಗ್ಗಿಸಿ ಕೂತೆ. ಆಗ ಕಂಡಿತು. ನನ್ನ ಸೀರೆಯ ಅಂಚಿನ ತುಂಬ ಉತ್ತರಾಣಿಯ ಬೀಜ. ಬಣವೆಗೆ ಒದ್ದಾಗ ಕಚ್ಚಿಕೊಂಡು ಬಂದಿದ್ದವು. ಒಂದೊಂದೇ ಬಿಡಿಸುತ್ತಾ ಕೂತವಳು ದಡಕ್ಕನೆ ಎದ್ದೆ. ಚೌತಿ ದಾಟಿತ್ತು, ಎಲ್ಲ ಕಾಳು ಕಟ್ಟಿದ್ದವು. ಅವಳು ಕಿತ್ತು ಹಾಕಿದ್ದು ಕಸವಾದರೂ ಬಣವೆಯಲ್ಲಿ ಇದ್ದದ್ದು ಬೀಜ.

ಅಕ್ಕಾ, ರಾಶಿ ಮಾಡೋಣ ನಡಿ ಅಂದೆ. ಅವಳಿಗೆ ನನ್ನ ತಲೆ ಕೆಟ್ಟಿತೆಂಬ ಗುಮಾನಿ ಬಂತು. ರಾಶಿ ಅಂದರೆ ಜೋಳದ್ದು, ಕಡಲೆಯದ್ದು, ಶೇಂಗಾದ್ದು. ಯಾವನಾದರೂ ಕಸದ ರಾಶಿ ಮಾಡಿದ್ದುಂಟೇ ಅಂದಳು. ಅಂದರೂ ಸೆರಗು ಸಿಕ್ಕಿಸಿಕೊಂಡಳು. ಊರಿಗೆ ಹೋಗಬೇಕಿದ್ದವಳು ಹೋಗಲಿಲ್ಲ. ಬಿಸಿಲಿಗೆ ಹರವಿ ಒಣಗಿಸಿದೆವು. ಅಂಗಳದ ಒಂದು ಮೂಲೆಯನ್ನು ಸಗಣಿ ಸಾರಿಸಿ ಕಣ ಮಾಡಿದಳು. ಕೋಲಿನಿಂದ ಬಡಿದೆವು, ಮೊರದಲ್ಲಿ ಹಿಡಿದು ಗಾಳಿಗೆ ತೂರಿದೆವು. ಒಂದು ಸಗಣಿ ಬೆನಕನನ್ನು ಮಾಡಿ, ಕರಕಿ ಹುಲ್ಲು ಸಿಗಿಸಿ, ರಾಶಿಯ ಪಕ್ಕ ಇಟ್ಟು ಅರಿಶಿನ ಕುಂಕುಮ ಹಚ್ಚಿದಳು. ರಾಶಿಯ ಮುಂದೆ ಮಾತಾಡಬಾರದು ಅನ್ನುವುದು ಅವಳ ಶಾಸ್ತ್ರ. ನಮ್ಮಿಬ್ಬರ ಜಗಳ ಇನ್ನೂ ಹಸಿಯಾಗಿದ್ದದ್ದರಿಂದ ಅದು ಒಳ್ಳೆಯದೇ ಆಯಿತು. ರಸ್ತೆಯಲ್ಲಿ ಹೋಗುವವರು ಏನು ಕಾಳ್ರಿ ಇದು ಅಂತ ಕೇಳುತ್ತಿದ್ದರು. ಕಸ ಅಂತ ಹೇಳಿದರೆ ನಂಬುತ್ತಿರಲಿಲ್ಲ. ಇವರು ಕಟ್ಟೆಯ ಮೇಲೆ ಕರಿ ಕನ್ನಡಕ ಹಾಕಿ ಕೂತು, ಇಬ್ಬರೂ ಒಂದೇ ಗಿಡದ ಹಣ್ಣು ಅಂತ ತಮ್ಮಷ್ಟಕ್ಕೆ ಅನ್ನುತ್ತಿದ್ದರು.

ಅರ್ಧ ಬೀಜ ಚೆಲ್ಲಿ, ಅರ್ಧ ಒಂದು ಡಬ್ಬಿಯಲ್ಲಿ ಎತ್ತಿಟ್ಟೆ. ಉತ್ತರಿ ಮಳೆ ಕೈ ಕೊಡಲಿಲ್ಲ. ಅಕ್ಕ ಊರಿಗೆ ಹೋದ ಮೇಲೆ ದಿನಾ ಬೆಳಿಗ್ಗೆ ಬಗ್ಗಿ ನೆಲ ನೋಡುವುದೇ ನನ್ನ ಕೆಲಸವಾಯಿತು. ಹಸಿರು ಬಂತು, ಆದರೆ ಬರಬೇಕಾದಷ್ಟು ಬರಲಿಲ್ಲ. ದೀಪಾವಳಿ ಹತ್ತಿರ ಬಂದರೂ ಕರಡ ಒಂದು ಗೇಣು. ಅಣ್ಣಿ ಅಲ್ಲೊಂದು ಇಲ್ಲೊಂದು. ಅಕ್ಕನ ಕುರ್ಪಿಗೆ ಸಿಗದೆ ಬುಡದಲ್ಲಿ ಮುರಿದು ಉಳಿದಿದ್ದ ಉತ್ತರಾಣಿಗಳು ಮಾತ್ರ ಹಟ ಮಾಡಿ ಚಿಗುರಿ ಕಡ್ಡಿ ಚಾಚಿದ್ದವು, ಗೋಡೆಯ ಬದಿಗೆ ಹೊನ್ನಾವರಿಕೆಯಲ್ಲಿ ಒಂದಿಷ್ಟು ಹಳದಿ ಹೂ. ನಾಲ್ಕು ಮಂದಿ ನಿಂತು ನೋಡುವಂಥದ್ದೇನಲ್ಲ ಅದು. ನನಗೂ ಗೊತ್ತಿತ್ತು. ಟೆಂಪೋ ಬಂದರೆ ಗೇಟಿಗೆ ಅಡ್ಡ ನಿಲ್ಲುವುದು ಅಂತ ನಿಶ್ಚಯ ಮಾಡಿದ್ದೆ. ಮಾತಿಗೆ ತಪ್ಪಿದವಳು ಅಂತ ಇವರು ಜನ್ಮವಿಡೀ ಆಡಿಕೊಳ್ಳಲಿ; ನೀರು ಮುಗಿಯುವುದಕ್ಕಿಂತ ಅದು ಲೇಸು.

ಪಾಡ್ಯದ ಹಿಂದಿನ ದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಅಕ್ಕ ಬಂದು ಇಳಿದಳು. ಹಬ್ಬ ಬಿಟ್ಟು ಯಾಕೆ ಬಂದೆ ಅಂದರೆ, ನಾಳೆ ಬೇಕು, ಉತ್ತರಾಣಿ ಕಡ್ಡಿ ಒಯ್ಯಲು ಬಂದೆ ಅಂದಳು. ಪಾಡ್ಯದ ದಿನ ನಮ್ಮ ಕಡೆ ಸಗಣಿಯಲ್ಲಿ ಪಾಂಡವರನ್ನು ಮಾಡಿ ಬಾಗಿಲಲ್ಲಿ ಇಡುತ್ತೇವೆ. ಅವರ ತಲೆಗೆ ಉತ್ತರಾಣಿ ಕಡ್ಡಿ, ಹೊನ್ನಾವರಿಕೆ ಹೂ, ಅಣ್ಣಿ ಹೂ ಸಿಗಿಸಲೇಬೇಕು. ಅಕ್ಕ ಮೂರು ದಿನದಿಂದ ಊರ ಸುತ್ತ ತಿರುಗಿದ್ದಳಂತೆ. ಎಲ್ಲ ಬದುಗಳಿಗೂ ಔಷಧ.

“ಯಳವತ್ತ್ಯಾಗ ಒಂದು ಕಡ್ಡಿ ಉತ್ತರಾಣಿ ಸಿಗವಲ್ದು ಸಾಹೇಬ್ರ,” ಅಂದಳು ಇವರಿಗೆ. “ಪ್ಯಾಟಿಗೆ ಬಂದು ಕಸಾ ಒಯ್ಯೂ ಕಾಲ ಬಂತು.”

ಇವರು ನಗಲಿಲ್ಲ. ಅಕ್ಕ ಕುಡಗೋಲು ಹಿಡಿದು ಬಗ್ಗಿ ಕಡ್ಡಿ ಕೊಯ್ಯುತ್ತಿದ್ದದ್ದನ್ನು ಎದುರು ಮನೆಯಾಕೆ ನೋಡಿದಳು. ನಮಗೂ ಎರಡು ಕೊಡ್ರಿ, ಮಾರ್ಕೆಟ್ಟಿನಾಗ ಬಾಡಿದ್ದು ಇಟ್ಟಾರ ಅಂತ ಬಂದಳು. ಅವಳ ಹಿಂದೆ ಪಕ್ಕದ ಮನೆಯವಳು, ಅವಳ ಅತ್ತೆ, ಮೂಲೆ ಮನೆಯ ಇಬ್ಬರು. ಲಾನ್ ಇದ್ದಾಗ ಗೇಟು ದಾಟಿ ಯಾರೂ ಒಳಗೆ ಬಂದವರಲ್ಲ. ಈಗ ಅಂಗಳದ ತುಂಬ ಹೆಂಗಸರು ಬಗ್ಗಿಕೊಂಡು, ಇದು ತುಂಬಿ ಹೂ ಅಲ್ಲೇನ್ರಿ, ಇದು ಹಕ್ಕರಿಕಿ ಅಲ್ಲೇನ್ರಿ, ನಮ್ಮೂರ ಕಡೆ ಈಗ ಇಲ್ಲರೀ ಅಂತ ಒಬ್ಬರಿಗೊಬ್ಬರು ತೋರಿಸುತ್ತಿದ್ದರು. ಇವರು ಚಹಾದ ಕಪ್ಪು ಹಿಡಿದು ಕಟ್ಟೆಯ ಮೇಲೆ ಬಹಳ ಹೊತ್ತು ನಿಂತಿದ್ದರು. ಆಮೇಲೆ ಫೋನು ಹಚ್ಚಿ, ಟೆಂಪೋ ಬ್ಯಾಡ, ನಮ್ಮ ಮನ್ಯಾಗ ಜಾಗ ಇಲ್ಲ ಅಂದರು. ನನ್ನ ಕಡೆ ತಿರುಗಿ ನೋಡಲೂ ಇಲ್ಲ. ನಾನೂ ಪಿಟ್ಟೆನ್ನಲಿಲ್ಲ.

ಅಕ್ಕನಿಗೆ ಮಧ್ಯಾಹ್ನದ ಬಸ್ಸು ಹಿಡಿಯಬೇಕಿತ್ತು. ಹೊರಡುವಾಗ, ಡಬ್ಬಿಯಲ್ಲಿ ಎತ್ತಿಟ್ಟ ಬೀಜ ಇದೆಯೇ, ಒಂದಿಷ್ಟು ಕೊಡು, ಬದುವಿಗೆ ಹಾಕುತ್ತೇನೆ ಅಂದಳು. ಹಾಕಿದರೆ ಅವನು ಮತ್ತೆ ಔಷಧ ಹೊಡೆಯುತ್ತಾನಲ್ಲ ಅಂದೆ.

“ಹೇಳಿ ಬಂದೀನಿ ಅವಂಗ. ಹೊಲಾ ನಿನಗ ಲಾವಣಿಗೆ ಕೊಟ್ಟೀನಿ, ಬದು ಕೊಟ್ಟಿಲ್ಲ ಅಂತ.”

ನಾನು ಡಬ್ಬಿ ತಂದೆ. ಅವಳು ಕೈಚೀಲದಿಂದ ಪ್ಲಾಸ್ಟಿಕ್ ಕವರು ತೆಗೆದಳು. ಅದು ಬೇಡ, ಉಡಿ ಒಡ್ಡು ಅಂದೆ. ಅಕ್ಕ ನಿಂತಲ್ಲೇ ನಿಂತಳು. ಸೆರಗಿಗೆ ಅಕ್ಕಿ ಹಾಕಿ ಉಡಿ ತುಂಬುವುದು ನಮ್ಮಲ್ಲಿ ಮುತ್ತೈದೆಯರಿಗೆ ಮಾತ್ರ; ಭಾವ ಹೋದಾಗಿನಿಂದ ತವರಿನಲ್ಲಾಗಲಿ ನೆಂಟರಲ್ಲಾಗಲಿ ಅವಳಿಗೆ ಯಾರೂ ಉಡಿ ತುಂಬಿದ್ದಿಲ್ಲ. ಮದುವೆ ಮನೆಗಳಲ್ಲಿ ಆ ಹೊತ್ತಿಗೆ ತಾನೇ ಎದ್ದು ಹಿಂದೆ ಹೋಗಿ ನಿಲ್ಲುತ್ತಿದ್ದಳು.

“ನನಗ ತುಂಬಬಾರದಲೇ,” ಅಂದಳು ಮೆಲ್ಲಗೆ.

“ಇದು ಅಕ್ಕಿ ಅಲ್ಲ. ಕಸ. ಒಡ್ಡು.”

ಅವಳು ಇವರ ಕಡೆ ನೋಡಿದಳು. ದೇವಸ್ಥಾನದ ಪೂಜೆಯ ಮನೆತನದಲ್ಲಿ ಹುಟ್ಟಿದ ಇವರು ಏನೆನ್ನುತ್ತಾರೋ ಅಂತ ನನಗೂ ಒಂದು ಕ್ಷಣ ಅಳುಕಿತ್ತು. ಇವರು ಬಂದು ನನ್ನ ಕೈಯಿಂದ ಡಬ್ಬಿ ತೆಗೆದುಕೊಂಡು, ಎರಡೂ ಕೈಯಿಂದ ತುಂಬು, ನಾ ಹಿಡಕೋತೀನಿ ಅಂದರು. ಅಕ್ಕ ಸೆರಗು ಒಡ್ಡಿದಳು. ಐದು ಬೊಗಸೆ ತುಂಬಿದೆ. ಅವಳು ಅದನ್ನು ಗಂಟು ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಕಣ್ಣು ಒರೆಸಿಕೊಂಡು, ಬಸ್ಸಿಗೆ ಹೊತ್ತಾತು ಅಂತ ಜಲ್ದಿ ಜಲ್ದಿ ಹೊರಟಳು. ಲಕ್ಷ್ಮೇಶ್ವರದ ಬಸ್ಸಿನಲ್ಲಿ ಕಿಟಕಿ ಬದಿಗೆ ಕೂರಿಸಿ ಬಂದೆ. ಬಸ್ಸು ಹೊರಟಾಗ ನಾನು ಕೈ ಬೀಸಿದೆ. ಅವಳು ಬೀಸಲಿಲ್ಲ, ಎರಡೂ ಕೈ ಉಡಿಯ ಮೇಲಿದ್ದವು.